ತಮ್ಮನಿಗೆ 17, ಟ್ರ್ಯಾಕ್ಟರ್ ಹಿಂದೆ ಕಬ್ಬಿನ ಟ್ರೇಲರ್ ಹಾಕ್ಕೊಂಡು ರೋಡಿಗೆ ಇಳೀಬಹುದಾ? ಎಲ್ ಬೋರ್ಡ್ ಇದ್ರೆ ಸಾಕಾ?

ಮದ್ದೂರಕ್ಕ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ ಬೇಜಾರ್ ಮಾಡ್ಕೋಬೇಡಿ. ನಮ್ದು ಮದ್ದೂರ್ ತಾಲ್ಲೂಕು, ಮನೇಲಿ ಕಬ್ಬು ಭತ್ತ ಎರಡೂ ಇದೆ, ಒಂದು 45 ಎಚ್‌ಪಿ ಟ್ರ್ಯಾಕ್ಟರ್, ಎರಡು ಚಕ್ರದ ಒಂದು ಟ್ರೇಲರ್. ನಾನು ಬೆಂಗಳೂರಲ್ಲಿ ಕೆಲ್ಸದಲ್ಲಿದೀನಿ. ತಮ್ಮ ಸೆಕೆಂಡ್ ಪಿಯು, ಈಗ 17, ಹದಿನೆಂಟು ತುಂಬೋದು ಯುಗಾದಿ ಕಳುದ್ ಮೇಲೆ. ಓಡ್ಸೋದ್ರಲ್ಲಿ ಅವ್ನು ಏನೂ ಕಮ್ಮಿ ಇಲ್ಲ, ಹೈಸ್ಕೂಲಲ್ಲಿ ಇದ್ದಾಗಿಂದ ಗದ್ದೇಲಿ ರೊಟವೇಟರ್ ಹೊಡಿತಾನೆ, ಟ್ರೇಲರ್ ಹಾಕ್ಕೊಂಡು ರಿವರ್ಸ್ ತಗೊಳೋದಂತೂ ನಮ್ಮಪ್ಪನಿಗಿಂತ ನೀಟು.

ವಿಷಯ ಏನಂದ್ರೆ ಇದ್ದ ಡ್ರೈವರ್ ಕೆಲ್ಸ ಬಿಟ್ಟು ಹೋದ, ಈಗ ಕಟಾವು ಟೈಮಲ್ಲಿ ಬೇರೆ ಯಾರೂ ಸಿಕ್ತಿಲ್ಲ, ಸಿಕ್ಕಿದ್ರೂ ಟ್ರಿಪ್ಪಿಗೆ ಬಾಯಿಗ್ ಬಂದಷ್ಟು ಕೇಳ್ತಾರೆ. ಅದಕ್ಕೆ ಅಪ್ಪ ಆಲೆಮನೆಗೆ ಕಬ್ಬು ಹೊಡಿಯೋಕೆ ತಮ್ಮನ್ನೇ ಕಳ್ಸೋಕೆ ಶುರು ಮಾಡಿದಾರೆ, ದಾರೀಲಿ ಊರ್ ರೋಡು ಇದೆ ಆಮೇಲೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಪಕ್ಕದ ಸರ್ವಿಸ್ ರೋಡಲ್ಲೂ ಸ್ವಲ್ಪ ದೂರ ಹೋಗ್ಬೇಕು. ನಾನು ಬೇಡ ಅಂದ್ರೆ ಅಪ್ಪ "ಏನೂ ಆಗಕ್ಕಿಲ್ಲ ಕಣವ್ವ, ಒಂದ್ ಎಲ್ಲೆಲ್ (ಕಲಿಯೋರ ಲೈಸನ್ಸು) ಮಾಡ್ಸಿ ಎಲ್ ಬೋರ್ಡ್ ತಗ್ಲಾಕುದ್ರೆ ಮುಗೀತು, ಪೊಲೀಸ್ನೋರು ಏನ್ ಕೇಳಾರು" ಅಂತಾರೆ. ಆಲೆಮನೆ ಹತ್ರ ಯಾರೋ ಹಂಗೆ ಹೇಳಿ ಕಳ್ಸಿದಾರೆ ಅನ್ಸುತ್ತೆ.

ನಂಗೆ ಗೊತ್ತಾಗ್ಬೇಕಾಗಿರೋದು 17ಕ್ಕೆ ಟ್ರ್ಯಾಕ್ಟರ್‌ಗೆ ಎಲ್ಲೆಲ್ ಕೊಡ್ತಾರಾ, 18 ಆದ್ಮೇಲೆ ಬರೀ ಎಲ್ಲೆಲ್ ಇಟ್ಕೊಂಡು ಟ್ರೇಲರ್ ಎಳೀಬಹುದಾ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇನ್ಶೂರೆನ್ಸ್ ಬರುತ್ತಾ. ಗೊತ್ತಿರೋರು ಹೇಳಿ ಪ್ಲೀಸ್, ಅಪ್ಪನಿಗೆ ಓದಿ ಹೇಳೋ ಥರ ಇರ್ಲಿ.

ಹಳ್ಳಿಹೈದ:

ಅಯ್ಯೋ ಬಿಡಿ ಅಕ್ಕ ಹಳ್ಳಿ ಕಡೆ ಇದೆಲ್ಲ ಯಾರ್ ಕೇಳ್ತಾರೆ. ನಾವೆಲ್ಲ ಮೀಸೆ ಬರೋಕ್ ಮುಂಚೆನೇ ಟ್ರ್ಯಾಕ್ಟರ್ ಹೊಡ್ದೋರು. ಸರ್ವಿಸ್ ರೋಡಲ್ಲಿ ಹೋಗೋಕೆ ಲೈಸನ್ಸ್ ಕೇಳ್ತಾರಾ 😄 ರೈತರ ಗಾಡಿ ಅಂದ್ರೆ ಬಿಡ್ತಾರೆ.

ಕಪ್ಪುಕೋಟು:

ಮೇಲಿನವರು ಹೇಳಿದ್ದು ಅರ್ಧ ನಿಜ. ಎಷ್ಟೋ ಸಲ ಬಿಡ್ತಾರೆ. ತೊಂದ್ರೆ ಇರೋದು ಪೊಲೀಸ್ ಹಿಡಿಯೋ ದಿನ ಅಲ್ಲ, ಹಿಂದಿನಿಂದ ಒಬ್ಬ ಬೈಕ್ ಸವಾರ ಬಂದು ಟ್ರೇಲರ್‌ಗೆ ಗುದ್ದೋ ದಿನ. ನಾನು ಮೋಟಾರ್ ಆಕ್ಸಿಡೆಂಟ್ ಕ್ಲೇಮ್ ಕೇಸ್‌ಗಳನ್ನ ನಡೆಸ್ತೀನಿ, ಅದಕ್ಕೆ ಈ ಪ್ರಶ್ನೆ ನೋಡಿ ಸುಮ್ನೆ ಹೋಗೋಕೆ ಆಗ್ಲಿಲ್ಲ.

ಮೇಡಂ, ಮೊದಲ್ನೇ ಪ್ರಶ್ನೆ. 17ಕ್ಕೆ ಟ್ರ್ಯಾಕ್ಟರ್‌ಗೆ ಎಲ್ಲೆಲ್ ಸಿಗಲ್ಲ. 1988ರ ಮೋಟಾರು ವಾಹನ ಕಾಯ್ದೆ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಮೋಟಾರು ವಾಹನ ಓಡ್ಸೋಕೆ 18 ತುಂಬಿರ್ಬೇಕು. 16ಕ್ಕೆ ಅಂತ ಇರೋ ಒಂದೇ ಒಂದು ವಿನಾಯಿತಿ 50 ಸಿಸಿ ಒಳಗಿನ ಬೈಕಿಗೆ. ಆಲೆಮನೆ ಹತ್ರ ಹೇಳಿರೋದು ಬಹುಶಃ ಅದನ್ನೇ ಎಳ್ಕೊಂಡು ಬಂದು ಟ್ರ್ಯಾಕ್ಟರ್‌ಗೆ ಹಚ್ಚಿರೋದು. ಅಂಥ ಎಲ್ಲೆಲ್ ಯಾರಾದ್ರೂ ಏಜೆಂಟ್ ಮಾಡಿಸಿ ಕೊಟ್ರೂ ಅದನ್ನ ತೋರ್ಸಿ ಟ್ರ್ಯಾಕ್ಟರ್ ಓಡ್ಸೋಕೆ ಆಗಲ್ಲ, ಆ ಕ್ಲಾಸಿಗೆ ಅದು ಲೈಸನ್ಸೇ ಅಲ್ಲ.

ಸಾರ್ವಜನಿಕ ಜಾಗ ಅಂದ್ರೆ ಹೈವೇ ಮಾತ್ರ ಅಲ್ಲ, ಜನ ಓಡಾಡೋಕೆ ಹಕ್ಕಿರೋ ಯಾವ ದಾರಿ ಆದ್ರೂ ಅದೇ. ಊರ್ ರೋಡು ಬಂತು, ಸರ್ವಿಸ್ ರೋಡು ಬಂತು. ನಿಮ್ಮ ಗದ್ದೆ ಒಳಗೆ ಉಳುಮೆ ಮಾಡ್ತಾನೆ ಅಂದ್ರೆ ಅದಕ್ಕೆ ಈ ಸೆಕ್ಷನ್ ಅಡ್ಡ ಬರಲ್ಲ. ಗದ್ದೆ ಬದು ದಾಟಿ ಡಾಂಬರ್‌ಗೆ ಮುಂದಿನ ಚಕ್ರ ಇಟ್ಟ ತಕ್ಷಣ ಕಥೆ ಬೇರೆ.

ಈಗ ನಿಮ್ಮಪ್ಪನಿಗೆ ಓದಿ ಹೇಳ್ಬೇಕಾದ್ದು. 2019ರ ತಿದ್ದುಪಡಿಯಲ್ಲಿ 199ಎ ಅಂತ ಹೊಸ ಸೆಕ್ಷನ್ ಸೇರ್ಸಿದಾರೆ, ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿ. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಆದ್ರೆ ಪೋಷಕರು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರು ಅಂತ ಹಿಡೀತಾರೆ, ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ವಾಹನದ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗೋ ತನಕ ಎಲ್ಲೆಲ್ಲೂ ಇಲ್ಲ ಡಿಎಲ್ಲೂ ಇಲ್ಲ. "ನಂಗ್ ಗೊತ್ತೇ ಇರ್ಲಿಲ್ಲ, ಅವ್ನೇ ಕೀ ತಗೊಂಡು ಹೋದ" ಅಂತ ಹೇಳ್ಬಹುದು, ಆದ್ರೆ ಕೋರ್ಟ್ ಶುರುನಲ್ಲೇ ಪೋಷಕರ ಒಪ್ಪಿಗೆಯಿಂದಾನೇ ಓಡಿಸಿದ್ದು ಅಂತ ಅಂದ್ಕೊಳ್ಳುತ್ತೆ, ಅಲ್ಲ ಅಂತ ಸಾಬೀತು ಮಾಡೋ ಕೆಲ್ಸ ನಿಮ್ಮಪ್ಪಂದು. ಊರೆಲ್ಲಾ ನೋಡೋ ಹಂಗೆ ದಿನಾ ಕಬ್ಬು ಹೊಡಿತಿದ್ರೆ ಅದನ್ನ ಯಾರ್ ನಂಬ್ತಾರೆ?

ಅದೇ ಸೆಕ್ಷನ್ನಲ್ಲಿ ಒಂದು ವಿನಾಯಿತಿನೂ ಇದೆ, ಹುಡುಗನಿಗೆ ಎಲ್ಲೆಲ್ ಇದ್ದು ಆ ಎಲ್ಲೆಲ್ ಯಾವ ವಾಹನಕ್ಕೆ ಕೊಟ್ಟಿದಾರೋ ಅದನ್ನೇ ಓಡಿಸ್ತಿದ್ರೆ ಪೋಷಕರಿಗೆ ಇದು ಅನ್ವಯ ಆಗಲ್ಲ ಅಂತ. "ಎಲ್ಲೆಲ್ ಇದ್ರೆ ಅಪ್ಪಂಗೆ ಏನೂ ಆಗಲ್ಲ" ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದ ಇರ್ಬೇಕು. 17ಕ್ಕೆ ಟ್ರ್ಯಾಕ್ಟರ್ ಎಲ್ಲೆಲ್ಲೇ ಇಲ್ಲ ಅಂದ್ಮೇಲೆ ಆ ವಿನಾಯಿತಿ ನಿಮಗೆ ಉಪಯೋಗಕ್ಕೆ ಬರಲ್ಲ.

ಊಟ ಮಾಡ್ಕೊಂಡು ಬಂದು ಟ್ರೇಲರ್ ವಿಷಯ ಬರೀತೀನಿ.

ಕಪ್ಪುಕೋಟು:

ಮುಂದುವರಿಸ್ತಿದೀನಿ. 18 ಆದ್ಮೇಲೆ ಎಲ್ಲೆಲ್ ತಗೊಂಡ್ರೆ ಅದರ ಆಯಸ್ಸು ಆರು ತಿಂಗಳು, ತಗೊಂಡು 30 ದಿನ ಆದ್ಮೇಲೆ ಡಿಎಲ್ ಟೆಸ್ಟಿಗೆ ಹೋಗ್ಬಹುದು. ಆ ಮಧ್ಯೆ ಓಡ್ಸೋಕೆ ಕೇಂದ್ರ ಮೋಟಾರು ವಾಹನ ನಿಯಮ 3ರಲ್ಲಿ ಷರತ್ತು ಇದೆ, ಮುಂದೆ ಹಿಂದೆ ಬಿಳಿ ಹಿನ್ನೆಲೇಲಿ ಕೆಂಪು ಎಲ್ ಇರ್ಬೇಕು, ಜೊತೆಗೆ ಡಿಎಲ್ ಇರೋರೊಬ್ರು ಕಲಿಸೋರಾಗಿ ಇರ್ಬೇಕು, ಸುಮ್ನೆ ಜೊತೇಲಿ ಇದ್ರೆ ಸಾಲ್ದು, ಬೇಕಾದಾಗ ಗಾಡಿನ ಹಿಡಿತಕ್ಕೆ ತಗೊಳೋ ಅಥವಾ ನಿಲ್ಸೋ ಜಾಗದಲ್ಲಿ ಕೂತಿರ್ಬೇಕು.

ಟ್ರ್ಯಾಕ್ಟರ್‌ನಲ್ಲಿ ಇದು ಎಡವಟ್ಟಾಗೋದು ಇಲ್ಲೇ. ಸೀಟ್ ಇರೋದೇ ಒಂದು. ಕಲಿಸೋರು ಮಡ್‌ಗಾರ್ಡ್ ಮೇಲೆ ಕೂತ್ಕೋತಾರೆ, ಅಲ್ಲಿಂದ ಬ್ರೇಕ್ ಪೆಡಲ್ ಕಾಲಿಗೆ ಸಿಗುತ್ತಾ ನೀವೇ ನೋಡಿ. ಮೇಲಾಗಿ ಮಡ್‌ಗಾರ್ಡ್ ಮೇಲೆ ಕೂತೋರು ಬಿದ್ರೆ ನಮ್ಮ ಪಾಲಿಸೀಲಿ ಅವ್ರು ಇಲ್ಲ ಅಂತ ಇನ್ಶೂರೆನ್ಸ್‌ನೋರು ವಾದ ಮಾಡ್ತಾರೆ, ಎಷ್ಟೋ ಕೇಸಲ್ಲಿ ಗೆದ್ದೂ ಇದಾರೆ. ಹಿಂದಿನ ಎಲ್ ಬೋರ್ಡನ್ನ ಟ್ರ್ಯಾಕ್ಟರ್‌ಗೆ ಹಾಕಿದ್ರೆ ಟ್ರೇಲರ್ ಅದನ್ನ ಮುಚ್ಚಿಬಿಡುತ್ತೆ, ಹಿಂದೆ ಬರೋನಿಗೆ ಕಾಣ್ಬೇಕು ಅಂದ್ರೆ ಟ್ರೇಲರ್ ಹಿಂಬದಿ ಹಲಗೆಗೇ ಹಾಕ್ಬೇಕು. ನಾನಂತೂ ಹೇಳೋದು ಎಲ್ಲೆಲ್ ಟೈಮಲ್ಲಿ ರೋಡಿಗೆ ಬರೀ ಇಂಜಿನ್ (ಟ್ರೇಲರ್ ಇಲ್ಲದ ಟ್ರ್ಯಾಕ್ಟರ್) ತಗೊಂಡು ಹೋಗ್ಲಿ, ಟ್ರೇಲರ್ ಡಿಎಲ್ ಬಂದ್ಮೇಲೆ.

ಡಿಎಲ್ ಬಂದ್ಮೇಲೆ ಟ್ರೇಲರ್‌ಗೆ ಬೇರೆ ಲೈಸನ್ಸ್ ಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಅದಕ್ಕೆ ಉತ್ತರ ನಮ್ಮ ಕರ್ನಾಟಕದಿಂದ ಹೋದ ಕೇಸಲ್ಲೇ ಇದೆ. ನಾಗಶೆಟ್ಟಿ ಕೇಸು, ಸುಪ್ರೀಂ ಕೋರ್ಟ್, 2001. ಟ್ರ್ಯಾಕ್ಟರ್ ಲೈಸನ್ಸ್ ಇತ್ತು, ಟ್ರೇಲರ್ ಹಾಕಿ ಸಾಮಾನು ತುಂಬಿದ್ಮೇಲೆ ಅದು ಗೂಡ್ಸ್ ಗಾಡಿ ಆಯ್ತು ಹಾಗಾಗಿ ಆ ಲೈಸನ್ಸ್ ನಡೆಯಲ್ಲ ಅಂತ ಇನ್ಶೂರೆನ್ಸ್ ಕಂಪನಿ ವಾದ. ಕೋರ್ಟ್ ಒಪ್ಪಲಿಲ್ಲ, ಟ್ರ್ಯಾಕ್ಟರ್ ಓಡ್ಸೋಕೆ ಸರಿಯಾದ ಲೈಸನ್ಸ್ ಇದ್ದೋನಿಗೆ ಹಿಂದೆ ಟ್ರೇಲರ್ ಸೇರ್ಸಿದ ಮಾತ್ರಕ್ಕೆ ಲೈಸನ್ಸ್ ಇಲ್ಲದಂಗೆ ಆಗಲ್ಲ ಅಂತು. ಗಮನಿಸಿ, ಸರಿಯಾದ ಲೈಸನ್ಸ್ ಇದ್ದೋನಿಗೆ. ಇದನ್ನ ಹೇಳ್ಕೊಂಡು 17ರ ಹುಡುಗನ್ನ ಕಳ್ಸೋಕೆ ಆಗಲ್ಲ.

ಇನ್ಶೂರೆನ್ಸ್ ಬಗ್ಗೆ. ಅಪ್ರಾಪ್ತ ಓಡಿಸಿದ್ದು ಅಂದ್ರೆ ಪಾಲಿಸಿ ಷರತ್ತು ಮುರಿದ ಹಾಗೆ. ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಗಾಯ ಆದೋರಿಗೆ ಕಂಪನಿ ಮೊದ್ಲು ದುಡ್ಡು ಕಟ್ಟಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡ್ಕೊಳ್ಳಲಿ ಅಂತ ಆದೇಶ ಆಗುತ್ತೆ. ರೈತರು ಮೊದಲ ಭಾಗ ಕೇಳಿ "ಕಂಪನಿ ಕಟ್ತು, ಮುಗೀತು" ಅಂತ ಮನೆಗೆ ಹೋಗ್ತಾರೆ, ಒಂದೆರಡು ವರ್ಷ ಬಿಟ್ಟು ವಸೂಲಿ ಅರ್ಜಿ ನೋಟಿಸು ಬರುತ್ತೆ, ಪಹಣಿಲಿ ಹೆಸ್ರಿರೋ ಜಮೀನನ್ನ ಜಪ್ತಿಗೆ ತೋರ್ಸಿರ್ತಾರೆ. ಆಗ ನಮ್ಮ ಆಫೀಸಿಗೆ ಬರ್ತಾರೆ, ಕೈಯಲ್ಲಿ ಆ ಹಳೇ ಆದೇಶದ ಜೆರಾಕ್ಸು, ಮಡಚಿ ಮಡಚಿ ನಾಲ್ಕು ತುಂಡಾಗಿರುತ್ತೆ.

ಇನ್ನೊಂದು. ಟ್ರೇಲರ್‌ಗೂ ಪ್ರತ್ಯೇಕ ರಿಜಿಸ್ಟ್ರೇಷನ್ ಬೇಕು, ಪಾಲಿಸೀಲಿ ಟ್ರೇಲರ್ ಸೇರಿರ್ಬೇಕು. ಟ್ರ್ಯಾಕ್ಟರ್ ನಂಬರು ಟ್ರೇಲರ್ ಹಿಂದೇನೂ ಕಾಣ್ಬೇಕು. ನಿಮ್ಮ ಪಾಲಿಸಿ ಪೇಪರ್ ತೆಗೆದು ಟ್ರೇಲರ್ ಅನ್ನೋ ಪದ ಎಲ್ಲಾದ್ರೂ ಇದೆಯಾ ಮೊದ್ಲು ನೋಡಿ.

ಕೆಎ48_ಗಾಡಿಮಾಲಕ:

ನಮಸ್ಕಾರ್ರಿ ಅಕ್ಕಾರ. ನಮ್ದು ಜಮಖಂಡಿ ಕಡೆ, ಕಬ್ಬಿನ ಗಾಡಿ ಅದಾವ. ವಕೀಲ್ ಸಾಹೇಬ್ರು ಕಾಯ್ದೆ ಎಲ್ಲಾ ಹೇಳ್ಯಾರ, ನಾ ರಸ್ತಾದ ಮ್ಯಾಲಿನ ಮಾತು ಹೇಳ್ತೀನಿ. ನಿಮ್ಮ ತಮ್ಮ ಹೊಲದಾಗ ಚಲೋ ಹೊಡೀತಾನ ಅಂದ್ರಿ, ಹೊಡ್ಯಾವನ ಇರಬೇಕು, ಖರೇ. ಆದ್ರ ಹೊಲದಾಗಿನ ರೂಢಿನ ರಸ್ತಾದಾಗ ಮಾರ್ಗ ತಪ್ಪಸ್ತೈತ್ರಿ.

ಹೊಲದಾಗ ಎಡಾ ಬ್ರೇಕ್ ಬ್ಯಾರೆ ಬಲಾ ಬ್ರೇಕ್ ಬ್ಯಾರೆ ಒತ್ತಿ ತಿರುವ್ತೀವಿ, ಸಾಲ ಮುಗಿದ ಕಡೆ ಜಾಗಾ ಸಾಲೂದಿಲ್ಲಲ್ಲ ಅದಕ್ಕ. ರಸ್ತಾಕ್ಕ ಬಂದ್ ಮ್ಯಾಲೆ ಎರಡೂ ಪೆಡಲಿಗೆ ನಡುವಿನ ಲಾಕ್ ಹಾಕ್ಲೇಬೇಕು. ಹಾಕ್ಲಿಲ್ಲಾ ಅಂದ್ರ ಸ್ಪೀಡಿನ್ಯಾಗ ನಾಯಿ ಅಡ್ಡ ಬಂತು ಅಂತ ಒಂದ ಪೆಡಲ್ ತುಳದ್ರ ಇಂಜಿನ್ ಒಂದ ಕಡೆ ತಿರಗತೈತಿ, ಹಿಂದ ತುಂಬಿದ ಟ್ರೇಲರ್ ಅದನ್ನ ನೂಕ್ಕೊಂಡ ಹೋಗಿ ಅಡ್ಡ ಕೆಡವ್ತೈತಿ. ಟ್ರೇಲರಿಗೆ ಬ್ರೇಕ್ ಎಲ್ಲಿ ಇರತಾವರಿ ನಮ್ಮ ಕಡೆ? ಎಂಟ್ ಹತ್ತ್ ಟನ್ ಕಬ್ಬು ಹೇರಿರ್ತೀವಿ, ಇಂಜಿನ್ ತೂಕ ಅದರ ಕಾಲು ಭಾಗಾನೂ ಆಗೂದಿಲ್ಲ, ನಿಲ್ಲಸೂದು ಎಲ್ಲಾ ಆ ಇಂಜಿನ್ ಬ್ರೇಕ್ ಮ್ಯಾಲೆ. ಹಂಗಾಗಿ ಇಳಕಲದಾಗ ಡೀಸೆಲ್ ಉಳಸಾಕ ಅಂತ ನ್ಯೂಟ್ರಲ್ ಮಾಡೂದು, ಕ್ಲಚ್ ಒತ್ತಿ ಬಿಡೂದು, ಇದನ್ನ ಜನ್ಮದಾಗ ಮಾಡಬಾರ್ದು. ಏರೂವಾಗ ಯಾವ ಗೇರಿನ್ಯಾಗ ಏರಸ್ತಿದ್ನೋ ಅದ ಗೇರಿನ್ಯಾಗ ಇಳಸಬೇಕು. ವಯಸ್ಸಿನ ಹುಡುಗೂರ್ಗೆ ಇದನ್ನ ಹೇಳಿದ್ರ ನಗತಾವು.

ಎರಡ ಗಾಲಿ ಟ್ರೇಲರ್ ಅಂದ್ರಿ. ಅದರಾಗ ಲೋಡ್ ಹೇರೂದ ಒಂದ್ ವಿದ್ಯೆ. ಮುಂದ ಭಾಳ ಹೇರಿದ್ರ ಹುಕ್ಕಿನ ಮ್ಯಾಲೆ ಭಾರ ಬಿದ್ದು ಇಂಜಿನ್ ಮೂತಿ ಹಗರ ಆಗತೈತಿ, ಸ್ಟೇರಿಂಗ್ ತಿರವಿದ್ರೂ ಗಾಲಿ ಕೇಳೂದಿಲ್ಲ, ಏರಿನ್ಯಾಗ ಮೂತಿ ಎತ್ತತೈತಿ. ಹಿಂದ ಭಾಳ ಹೇರಿದ್ರ ಹುಕ್ಕನ್ನ ಮ್ಯಾಲೆ ಎತ್ತಿ ಇಂಜಿನ್ನಿನ ದೊಡ್ಡ ಗಾಲಿ ಹಿಡತಾ ಬಿಡತಾವು. ಕಬ್ಬ ಕಡ್ಯಾವ್ರು ತಮಗ ಅನುಕೂಲ ಆದಂಗ ಒಗಿತಾರ, ನಿಂತ ನೋಡಾವ ಡ್ರೈವರ್. ಹದಿನೇಳರ ಹುಡುಗ ತನ್ನ ಅಪ್ಪನ ವಾರಗಿ ಮಂದಿಗೆ "ಇಷ್ಟ ಸಾಕು, ಇಳಸ್ರಿ" ಅನ್ನತಾನೇನು? ಅನ್ನೂದಿಲ್ಲ. ಲೈಸನ್ ವಯಸ್ಸು ಹದಿನೆಂಟ ಯಾಕ ಅಂದ್ರ ನನಗ ಅನಸೂದು ಇದ.

ಹುಕ್ಕಿನ ಪಿನ್ನಿಗೆ ಕೆಳಗ ಕ್ಲಿಪ್ ಇರಲಿ, ಬಡಗಿ ಮೊಳೆ ಹಾಕಿ ಬಡಿಯೂದು ಅಲ್ಲ. ಟ್ರೇಲರ್ ಎಳ್ಯಾಕ ಕೆಳಗಿನ ಹುಕ್ಕ ಬಿಟ್ಟು ಮ್ಯಾಲಿನ ಟಾಪ್ ಲಿಂಕಿಗೆ ಎಂದೂ ಕಟ್ಟಬ್ಯಾಡ್ರಿ, ಇಂಜಿನ್ ಹಿಂದಕ್ಕ ಮಗಚಿ ಬೀಳತೈತಿ. ರಾತ್ರಿ ಮಾತ್ರ ಬ್ಯಾಡ ಬ್ಯಾಡ. ಕಬ್ಬಿನ ರವದಿ (ಒಣ ಎಲಿ) ಜೋತ ಬಿದ್ದು ಹಿಂದಿನ ಲೈಟು ಮುಚ್ಚಿರತೈತಿ. ಫ್ಯಾಕ್ಟರಿ ಚಾಲೂ ಆಗೂ ಮುಂದ ನಮ್ಮ ಕಡೆ ಪೊಲೀಸ್ರ ನಿಂತು ರೇಡಿಯಂ ಹಚ್ಚಸ್ತಾರ, ಅದು ಮಣ್ಣ ಮೆತ್ತಿ ವಾರದಾಗ ಕಾಣೂದ ಬಿಡತೈತಿ, ಅರಿವಿ ತಗೊಂಡು ದಿನಾ ಒರಸಬೇಕು. ಪಂಚರ್ ಆತು ಅಂತ ಕತ್ತಲದಾಗ ರಸ್ತಾದ ಮ್ಯಾಲ ಕಲ್ಲ ಇಟ್ಟು ನಿಂದರ್ಸಿ ಹೋದ ಗಾಡಿಗೆ ಬೈಕಿನವ್ರು ಬಂದು ಹೊಡದದ್ದು ನಮ್ಮ ಕಡೆ ಕಬ್ಬಿನ ಸೀಜನ್ನಿನ್ಯಾಗ ಪ್ರತಿ ವರ್ಷದ ಸುದ್ದಿ.

ಲೋಡ್ ಹೊರಗ ಚಾಚಿದ್ರ ಅದಕ್ಕೂ 20 ಸಾವಿರ ದಂಡ ಐತ್ರಿ ಈಗಿನ ಕಾಯ್ದೇದಾಗ. ಮತ್ತ ಟೇಪ್ ಜೋರ್ ಹಚ್ಚಬ್ಯಾಡ ಅಂತ ಹೇಳ್ರಿ ತಮ್ಮಗ, ಹಿಂದಿನ ಹಾರ್ನ್ ಕೇಳೂದಿಲ್ಲ 🙏

ಹಳ್ಳಿಹೈದ:

ಎಲ್ಲಾ ಸರಿ ಸಾರ್. ಹಂಗಾದ್ರೆ ರೈತರ ಮಕ್ಳು ಟ್ರ್ಯಾಕ್ಟರ್ ಕಲಿಯೋದು ಯಾವಾಗ? ಸಿಟಿ ಹುಡುಗ್ರು 18ಕ್ಕೆ ಕಾರು ಕಲಿತಾರೆ, ನಮ್ ಹುಡುಗ್ರಿಗೆ ಅದು ಹೊಟ್ಟೆಪಾಡು. ಬೇರೆ ದೇಶದಲ್ಲಿ 16ಕ್ಕೇ ಕೊಡ್ತಾರಂತೆ.

ಮಂಜು_ಇಂಗ್ಲೆಂಡ್:

ಹೌದು ಇಲ್ಲಿ ಕೊಡ್ತಾರೆ, ಆದ್ರೆ ಕೊಡೋ ರೀತಿ ನೋಡಿ. ಬ್ರಿಟನ್ನಲ್ಲಿ ಟ್ರ್ಯಾಕ್ಟರ್‌ಗೆ ಎಫ್ ಅಂತ ಬೇರೆ ಕ್ಯಾಟಗರಿ, 16ಕ್ಕೆ ಸಿಗುತ್ತೆ. 16ರಲ್ಲಿ ಟೆಸ್ಟ್ ಪಾಸ್ ಆಗೋಕೆ ಮುಂಚೆ ರೋಡಲ್ಲಿ ಓಡ್ಸೋಕೆ ಬಿಡೋದು ಟೆಸ್ಟಿಗೆ ಹೋಗ್ತಾ ಬರ್ತಾ ಮಾತ್ರ. ಪಾಸ್ ಆದ್ಮೇಲೂ 17 ಆಗೋ ತನಕ ಟ್ರ್ಯಾಕ್ಟರ್ ಅಗಲ 2.45 ಮೀಟರ್ ಮೀರಬಾರದು, ಟ್ರೇಲರ್ ಕೂಡ ಅಷ್ಟೇ ಅಗಲ, ಅದೂ ಎರಡು ಚಕ್ರದ್ದು ಅಥವಾ ಹತ್ರ ಹತ್ರ ಕೂರ್ಸಿರೋ ನಾಲ್ಕು ಚಕ್ರದ್ದು. ಅಂದ್ರೆ ವಯಸ್ಸು ಇಳ್ಸಿದಾರೆ, ಗಾಡಿ ಸೈಜನ್ನೂ ಜೊತೆಗೇ ಇಳ್ಸಿದಾರೆ. ನಾನಿರೋದು ಹೊಲ ಜಾಸ್ತಿ ಇರೋ ಕಡೆ, ಸುಗ್ಗಿ ಟೈಮಲ್ಲಿ ಮೀಸೆ ಚಿಗುರದ ಹುಡುಗ್ರು ದೊಡ್ಡ ಟ್ರ್ಯಾಕ್ಟರ್ ಓಡಿಸ್ಕೊಂಡು ಎದುರಿಗೆ ಬರ್ತಾರೆ, ಮೊದಮೊದಲು ನಂಗೂ ಆಶ್ಚರ್ಯ ಆಗ್ತಿತ್ತು.

ಆದ್ರೆ ಕಾರಿನ ವಿಷಯಕ್ಕೆ ಬಂದ್ರೆ ಕಲಿಯೋರು ಟ್ರೇಲರ್ ಎಳಿಯೋ ಹಾಗಿಲ್ಲ.

ಸಿಡ್ನಿ_ಸುಬ್ಬಣ್ಣ:

ಆಸ್ಟ್ರೇಲಿಯಾದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ರೂಲ್ಸು, ನಾನಿರೋ ನ್ಯೂ ಸೌತ್ ವೇಲ್ಸ್ ಮಾತ್ರ ಹೇಳ್ತೀನಿ. ಎಲ್ ಸಿಗೋದು 16ಕ್ಕೆ, ಎಲ್ ಇರೋವರೆಗೂ ಯಾವ ಟ್ರೇಲರೂ ಎಳಿಯೋ ಹಾಗಿಲ್ಲ, ಖಾಲಿ ಇದ್ರೂ ಇಲ್ಲ. 120 ಗಂಟೆ ಓಡ್ಸಿದ್ದು ಲಾಗ್‌ಬುಕ್ಕಲ್ಲಿ ಬರ್ದಿರ್ಬೇಕು, ಅದ್ರಲ್ಲಿ 20 ಗಂಟೆ ರಾತ್ರಿ. ಆಮೇಲೆ 17ಕ್ಕೆ ಕೆಂಪು ಪಿ (ಟೆಸ್ಟ್ ಪಾಸಾದ ಹೊಸಬರ ಲೈಸನ್ಸ್) ಸಿಕ್ಕಿದ್ಮೇಲೂ ಖಾಲಿ ತೂಕ 250 ಕೆಜಿ ಒಳಗಿರೋ ಟ್ರೇಲರ್ ಮಾತ್ರ, ಟ್ರೇಲರ್ ಹಿಂದೆ ಪಿ ಪ್ಲೇಟ್ ಹಾಕ್ಬೇಕು.

ನಮ್ಮ ಮನೇಲಿ ಮಗಳಿಗೆ ಇದೇ ಗಲಾಟೆ ಆಯ್ತು. ಹಿತ್ತಲಿಗೆ ಮಣ್ಣು ತರೋಕೆ ಬಾಡಿಗೆ ಟ್ರೇಲರ್ ತಗೊಂಡ್ವಿ, ನಾನೇ ಓಡಿಸ್ತೀನಿ ಅಂತ ಅವ್ಳ ಹಠ. ಟ್ರೇಲರ್ ಮೂಗಿನ ಹತ್ರ ಒಂದು ತಗಡಿನ ಪ್ಲೇಟು ಇರುತ್ತೆ, ಖಾಲಿ ತೂಕ ಎಷ್ಟು, ತುಂಬಿದ್ರೆ ಎಷ್ಟು ಅಂತ ಕೊರ್ದಿರ್ತಾರೆ. ಅವಳೇ ಬಗ್ಗಿ ಓದಿ "ಅಪ್ಪಾ ಇದು ಮುನ್ನೂರರ ಹತ್ರ ಇದೆ, ನೀನೇ ಓಡ್ಸು" ಅಂತ ಕೀ ವಾಪಸ್ ಕೊಟ್ಳು. ನಾವು ಊರಲ್ಲಿ ಟ್ರೇಲರ್ ಖಾಲಿ ತೂಕ ಎಷ್ಟು ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀವಾ?

ಕಪ್ಪುಕೋಟು:

ಹಳ್ಳಿಹೈದ ಅವರ ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲೆಂಡಿನ ಥರ ಸಣ್ಣ ಟ್ರ್ಯಾಕ್ಟರ್‌ಗೆ, ಹಗಲು ಹೊತ್ತಿಗೆ ಅಂತ ಏನಾದ್ರೂ ಮಧ್ಯದ ಮೆಟ್ಟಿಲು ನಮ್ಮಲ್ಲೂ ಇದ್ರೆ ತಪ್ಪಿಲ್ಲ ಅಂತ ನಂಗೂ ಅನ್ಸುತ್ತೆ. ನಮ್ಮ ಕಾಯ್ದೇಲಿ ಅದಿಲ್ಲ, 17 ಅಂದ್ರೆ ಪೂರ್ತಿ ಬಾಗಿಲು ಹಾಕಿದೆ, 18 ಆದ ಮಾರನೇ ದಿನದಿಂದ ಎಲ್ಲೆಲ್, ಒಂದು ತಿಂಗಳಿಗೆ ಟೆಸ್ಟು, ಪಾಸಾದ್ರೆ ಹತ್ತು ಟನ್ ಎಳೀಬಹುದು. ಟೆಸ್ಟಲ್ಲಿ ಲೋಡ್ ಟ್ರೇಲರ್ ಹಾಕ್ಸಿ ಇಳಿಜಾರಲ್ಲಿ ಯಾರೂ ಓಡ್ಸಿ ನೋಡಲ್ಲ. ಜಮಖಂಡಿಯವ್ರು ಬರೆದಿದ್ದನ್ನ ಅಲ್ಲಿ ಯಾರೂ ಕೇಳಲ್ಲ. ಆದ್ರೆ ಕಾಯ್ದೆ ಬದಲಾಗೋ ತನಕ ಇರೋದ್ರಲ್ಲೇ ನಡೀಬೇಕು, ಆಕ್ಸಿಡೆಂಟ್ ಕ್ಲೇಮ್ ಟ್ರಿಬ್ಯೂನಲ್ಲಲ್ಲಿ ಹೊಟ್ಟೆಪಾಡು ಅಂತ ಹೇಳಿದ್ರೆ ಪರಿಹಾರದ ಮೊತ್ತ ಕಮ್ಮಿ ಆಗಲ್ಲ.

ಕಲಿಯೋಕೆ ಗದ್ದೆ ಇದೆಯಲ್ಲ. ಖಾಲಿ ಟ್ರೇಲರ್ ಹಾಕಿ ಸ್ವಂತ ಜಮೀನಲ್ಲಿ ತಿರುಗಿಸ್ಲಿ, ರಿವರ್ಸ್ ತಗೊಳ್ಲಿ.

ಮದ್ದೂರಕ್ಕ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಊರಿಗೆ ಫೋನ್ ಹಾಕಿ ಸ್ಪೀಕರಲ್ಲಿ ಇಟ್ಟು ಪೂರ್ತಿ ಓದಿ ಹೇಳ್ದೆ. ಜೈಲು ದಂಡ ಅಂದಾಗ ಅಪ್ಪ "ಹೂಂ ಬುಡು ಬುಡು" ಅಂತಿದ್ರು, ಪಹಣಿ ಜಪ್ತಿ ಅಂದ ತಕ್ಷಣ "ಇನ್ನೊಂದ್ ಸಲ ಓದು" ಅಂದ್ರು. ತಮ್ಮ ಮಾತ್ರ 25ರ ತನಕ ಲೈಸನ್ಸ್ ಇಲ್ಲ ಅನ್ನೋದಕ್ಕೆ ಹೆದರ್ಕೊಂಡಿದಾನೆ, ಅವ್ನಿಗೆ ಬೈಕ್ ಬೇಕಲ್ಲ. ಕೆಎ48 ಅಣ್ಣ, ಬ್ರೇಕ್ ಲಾಕ್ ಇದೆಯಾ ಅಂತ ಕೇಳಿದ್ರೆ "ಅದು ಯಾವತ್ತೋ ಕಿತ್ತೋಯ್ತು ಅಕ್ಕ" ಅಂದ. ಅದನ್ನ ಈ ವಾರವೇ ಹಾಕಿಸ್ತೀವಿ.

ಸದ್ಯಕ್ಕೆ ಪಕ್ಕದೂರಿನ ಡಿಎಲ್ ಇರೋ ಒಬ್ರನ್ನ ಟ್ರಿಪ್ ಲೆಕ್ಕಕ್ಕೆ ಮಾತಾಡಿದೀವಿ, ದುಡ್ಡು ಜಾಸ್ತಿನೇ ಏನ್ ಮಾಡೋದು. ಇನ್ನೆರಡು ಡೌಟು. ನಮ್ಮ ಕಬ್ಬು ಮುಗಿದ್ಮೇಲೆ ಚಿಕ್ಕಪ್ಪಂದು, ಆಮೇಲೆ ಬೇರೆಯೋರ ಕಬ್ಬೂ ಬಾಡಿಗೆಗೆ ಹೊಡೀಬಹುದು ಅಂತ ಅಪ್ಪನ ಲೆಕ್ಕಾಚಾರ, 18 ಆಗಿ ಡಿಎಲ್ ಬಂದ್ಮೇಲೆ ತಮ್ಮ ಅದನ್ನ ಮಾಡ್ಬಹುದಾ? ಇನ್ನೊಂದು, ಪಾಲಿಸಿ ತೆಗೆದು ನೋಡಿದ್ವಿ, ಟ್ರೇಲರ್ ಅಂತ ಎಲ್ಲೂ ಇಲ್ಲ. ಟ್ರೇಲರ್ ಇಲ್ಲೇ ಒಂದು ವರ್ಕ್‌ಶಾಪಲ್ಲಿ ಮಾಡ್ಸಿದ್ದು, ಅದಕ್ಕೆ ನಂಬರೇ ಇಲ್ಲ, ಟ್ರ್ಯಾಕ್ಟರ್ ನಂಬರನ್ನ ಹಿಂದೆ ಪೇಂಟ್ ಮಾಡ್ಸಿದಾರೆ ಅಷ್ಟೇ.

ಕೆಎ48_ಗಾಡಿಮಾಲಕ:

ಬ್ರೇಕ್ ಲಾಕ್ ಕಿತ್ತದ್ದು ಗೊತ್ತಿದ್ದೂ ಹೊಡ್ಯಾಕ ಹತ್ತಿದ್ರಾ ಅಕ್ಕಾರ, ಶಿವನ! ಹೊಸಾ ಪಟ್ಟಿಗೆ ರೊಕ್ಕ ಭಾಳೇನ ಆಗೂದಿಲ್ಲ, ಶೋರೂಮಿನ್ಯಾಗ ಸಿಗತೈತಿ. ಹಾಕಸಿದ ಮ್ಯಾಲೆ ಎರಡೂ ಕಡೆ ಬ್ರೇಕ್ ಸಮಾ ಹಿಡಿತಾವೇನು ಅಂತ ಖಾಲಿ ರಸ್ತಾದಾಗ ಸಾವಕಾಶ ಹೊಡದು ನೋಡ್ಸ್ರಿ. ಲಾಕ್ ಇದ್ರೂ ಒಂದ ಕಡೆ ಬ್ರೇಕ್ ಟೈಟ್ ಐತಿ ಇನ್ನೊಂದ ಕಡೆ ಲೂಸ್ ಐತಿ ಅಂದ್ರ ಎಳೂದು ಎಳಿತೈತಿ.

ಕಪ್ಪುಕೋಟು:

ಬಾಡಿಗೆ ವಿಷಯ ಮೊದ್ಲು. ಕೃಷಿ ಟ್ರ್ಯಾಕ್ಟರ್ ಸಾರಿಗೆ ವಾಹನ ಅಲ್ಲ ಅಂತ ನಿಯಮದಲ್ಲೇ ಇದೆ, ಸ್ವಂತ ಕಬ್ಬು ಹೊಡೆಯೋವರೆಗೂ ನೀವು ಅದರೊಳಗೆ ಇದೀರ. ಬಾಡಿಗೆಗೆ ಅಂತ ಇಳಿದ್ರೆ ಕಮರ್ಷಿಯಲ್ ಟ್ರ್ಯಾಕ್ಟರ್ ಟ್ರೇಲರ್ ಅಂತ ಸಾರಿಗೆ ವಾಹನದ ಲೆಕ್ಕಕ್ಕೆ ಹೋಗುತ್ತೆ. ಸಾರಿಗೆ ವಾಹನ ಓಡ್ಸೋಕೆ ಕನಿಷ್ಠ ವಯಸ್ಸು 20, ಅದೇ 4ನೇ ಸೆಕ್ಷನ್ನಲ್ಲಿ ಇದೆ, 18 ಅಲ್ಲ. 7,500 ಕೆಜಿ ಒಳಗಿನ ಸಾರಿಗೆ ವಾಹನಕ್ಕೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ, ಅದನ್ನ ಹಿಡ್ಕೊಂಡು ಬಹಳ ಜನ ವಾಟ್ಸಾಪಲ್ಲಿ ತಿರುಗಿಸ್ತಿದಾರೆ, ಆದ್ರೆ ಅದು ಲೈಸನ್ಸ್ ಕ್ಲಾಸ್ ಬಗ್ಗೆ, ವಯಸ್ಸನ್ನ ಅದು ಕಮ್ಮಿ ಮಾಡಿಲ್ಲ. ಪಾಲಿಸಿ ಕೃಷಿ ಬಳಕೆಗೆ ಅಂತ ತಗೊಂಡಿದ್ರೆ ಬಾಡಿಗೆ ಅಂದ ಕೂಡ್ಲೇ ಕಂಪನಿಯವ್ರು ಅದನ್ನೇ ಹಿಡ್ಕೋತಾರೆ. ಚಿಕ್ಕಪ್ಪನ ಕಬ್ಬು ದುಡ್ಡಿಲ್ದೆ ಹೊಡೆಯೋದು ಬೇರೆ ಮಾತು. ಆಲೆಮನೆ ಚೀಟಿಯಲ್ಲಿ ಸಾಗಣೆ ಅಂತ ನಿಮ್ಮಪ್ಪನ ಹೆಸ್ರಿಗೆ ದುಡ್ಡು ಬರ್ದಿದ್ರೆ ಅದೇ ನಾಳೆ ಕೋರ್ಟಲ್ಲಿ ದಾಖಲೆ.

ಟ್ರೇಲರ್‌ಗೆ ನಂಬರೇ ಇಲ್ಲ ಅನ್ನೋದು ತಮ್ಮನ ವಯಸ್ಸಿನಷ್ಟೇ ದೊಡ್ಡ ವಿಷಯ, ಈಗ ಡಿಎಲ್ ಇರೋ ಡ್ರೈವರ್ ಓಡಿಸ್ತಿದ್ರೂ ಆ ತೊಂದ್ರೆ ಹಾಗೇ ಇರುತ್ತೆ. ಟ್ರ್ಯಾಕ್ಟರ್‌ಗೆ ಪಾಲಿಸಿ ಇದ್ರೂ ಟ್ರೇಲರ್ ಇನ್ಶೂರ್ ಆಗಿಲ್ಲ ಅನ್ನೋದು ಕಂಪನಿಯವರ ಮೊದಲ್ನೇ ತಕರಾರು. ವರ್ಕ್‌ಶಾಪಿನವರ ಹತ್ರ ಫಾರಂ 21 ಮಾರಾಟ ಸರ್ಟಿಫಿಕೇಟ್, ಫಾರಂ 22 (ರೋಡಿಗೆ ಯೋಗ್ಯ ಅನ್ನೋ ಸರ್ಟಿಫಿಕೇಟ್) ಕೊಡೋಕೆ ಆಗುತ್ತಾ ಕೇಳಿ, ಮಾನ್ಯತೆ ಇರೋ ತಯಾರಕರು ಆಗಿದ್ರೆ ಕೊಡ್ತಾರೆ. ಕೊಟ್ರೆ ಫಾರಂ 20 ಹಾಕಿ ಆರ್‌ಟಿಒದಲ್ಲಿ ರಿಜಿಸ್ಟರ್ ಮಾಡ್ಸಿ, ಆಮೇಲೆ ಪಾಲಿಸಿಗೆ ಟ್ರೇಲರ್ ಸೇರ್ಸಿ ಅಂತ ಕಂಪನಿಗೆ ಬರ್ದು ಕೊಡಿ, ಬಾಯಲ್ಲಿ ಹೇಳಿ ಬರಬೇಡಿ. ಕೊಡಲ್ಲ ಅಂದ್ರೆ ನಿಜವಾಗ್ಲೂ ಕಷ್ಟ, ರಿಜಿಸ್ಟರ್ ಆಗಿರೋ ಸೆಕೆಂಡ್ ಹ್ಯಾಂಡ್ ಟ್ರೇಲರ್ ನೋಡೋದೇ ವಾಸಿ.

ಮತ್ತೆ ಎಕ್ಸ್‌ಪ್ರೆಸ್‌ವೇ ಅಂದ್ರಲ್ಲ, 2023ರ ಆಗಸ್ಟ್ 1ರಿಂದ ಮೇನ್ ರೋಡಿಗೆ ಟ್ರ್ಯಾಕ್ಟರ್ ಹತ್ತೋ ಹಾಗಿಲ್ಲ, ಟ್ರೇಲರ್ ಇರ್ಲಿ ಬಿಡ್ಲಿ. ಹತ್ರದ ದಾರಿ ಅಂತ ಹೊಸ ಡ್ರೈವರ್ ಮೇಲೆ ಹತ್ತಿಸಿಬಿಟ್ಟಾನು, ಹೇಳಿರಿ.

ಮದ್ದೂರಕ್ಕ:

ಫಾರಂ 21 ಕೇಳಿದ್ದಕ್ಕೆ ವರ್ಕ್‌ಶಾಪಿನವ್ರು "ಅದ್ಯಾವ್ದು ಮೇಡಂ" ಅಂದ್ರು. ಹಂಗಾಗಿ ಸೆಕೆಂಡ್ ಹ್ಯಾಂಡ್ ಹುಡುಕ್ತಿದೀವಿ. ಮಂಡ್ಯ ಮದ್ದೂರ್ ಕಡೆ ಆರ್‌ಸಿ ಇರೋ ಎರಡು ಚಕ್ರದ ಟ್ರೇಲರ್ ಯಾರಾದ್ರೂ ಕೊಡೋರಿದ್ರೆ ಇನ್‌ಬಾಕ್ಸ್ ಮಾಡಿ.